ಹೆಸರಿನ ಕೆಳಗಿನ ಓರೆ ಸಾಲು

ಪಲಾದಾ ದ್ವೀಪದಲ್ಲಿ ಮನೆತನದ ಹೆಸರು ಇರುವುದೇ ಎರಡು. ಅರ್ಧ ಊರು ಪೆನ್ಸೊ, ಇನ್ನರ್ಧ ಬಲ್ಲಾರಿನ್. ಊರನ್ನು ಕಾಯುವವನು ಸಂತ ಫೆಲೀಚೆ. ಹಾಗಾಗಿ ಗಂಡುಮಗು ಹುಟ್ಟಿದ ಮನೆಯವರು ಹೆಚ್ಚು ತಲೆ ಕೆಡಿಸಿಕೊಳ್ಳದೆ ಅದಕ್ಕೂ ಫೆಲೀಚೆ ಎಂದೇ ಹೆಸರಿಟ್ಟು ಕೈತೊಳೆದುಕೊಳ್ಳುತ್ತಾರೆ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಒಂಬತ್ತು ಜನ ಫೆಲೀಚೆ ಪೆನ್ಸೊಗಳು ಊರಿನ ಗಾಳಿ ಕುಡಿಯುತ್ತಿದ್ದರು. ಇಂಥ ಕಡೆ ಅಡ್ಡಹೆಸರು ತಮಾಷೆಯ ಮಾತಲ್ಲ. ಅದಿಲ್ಲದಿದ್ದರೆ ಒಬ್ಬನ ಕಾಗದ ಇನ್ನೊಬ್ಬನ ಮನೆಗೆ ಹೋಗುತ್ತದೆ, ಒಬ್ಬನ ಮೇಲಿನ ಸಿಟ್ಟು ಇನ್ನೊಬ್ಬನ ದೋಣಿಯ ಮೇಲೆ ತೀರುತ್ತದೆ. ಮೂರು ಗುಂಡಿ, ಉಪ್ಪಿಲ್ಲ, ಸುಟ್ಟ ಪೊಲೆಂತ, ಕಾಲುಗಂಟೆ. ಪೊಲೆಂತ ಅಂದರೆ ನಮ್ಮ ಮೆಕ್ಕೆಜೋಳದ ಮುದ್ದೆ. ಯಾರದೋ ಮುತ್ತಜ್ಜನಿಗೆ ಯಾವುದೋ ಒಂದು ಕೆಟ್ಟ ದಿನ ಅಂಟಿಕೊಂಡದ್ದು ಮರಿಮಕ್ಕಳವರೆಗೂ ಇಳಿದು ಬರುತ್ತದೆ. ಯಾರೂ ಬೇಸರಪಡುವುದಿಲ್ಲ. ಬೇಸರಪಟ್ಟವನಿಗೆ ಇನ್ನೂ ಕೆಟ್ಟ ಹೆಸರು ಕಾದಿರುತ್ತದೆ.

ನಮ್ಮಲ್ಲಿ ಯಾರಾದರೂ ಸತ್ತರೆ ಕಪ್ಪು ಅಂಚಿನ ದೊಡ್ಡ ಕಾಗದದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸುತ್ತೇವೆ. ಸೇತುವೆಯ ಹತ್ತಿರ ಒಂದು, ಮೀನುಪೇಟೆಯಲ್ಲಿ ಒಂದು, ಚರ್ಚಿನ ಬಾಗಿಲ ಪಕ್ಕ ಒಂದು, ಆಚೆ ದಡದ ದೋಣಿ ಬಂದು ನಿಲ್ಲುವ ಕಟ್ಟೆಯಲ್ಲಿ ಒಂದು. ಮೇಲೆ ನೆಟ್ಟಗೆ ನಿಂತ ದಪ್ಪ ಅಕ್ಷರದಲ್ಲಿ ಸರ್ಕಾರದ ಪುಸ್ತಕದ ಹೆಸರು. ಅದರ ಕೆಳಗೆ, ಬಲಕ್ಕೆ ವಾಲಿದ ತೆಳ್ಳನೆಯ ಓರೆ ಅಕ್ಷರದಲ್ಲಿ, ಊರು ಕೊಟ್ಟ ಹೆಸರು. ಮೇಲಿನ ಸಾಲನ್ನು ಯಾರೂ ಓದುವುದಿಲ್ಲ. ಕಣ್ಣು ಸೀದಾ ಓರೆ ಸಾಲಿಗೆ ಹೋಗುತ್ತದೆ, ಅಯ್ಯೋ ಅನ್ನುವುದು ಆಮೇಲೆ.

ಆ ಓರೆ ಸಾಲನ್ನು ನಲವತ್ತೆರಡು ವರ್ಷ ಜೋಡಿಸಿದವನು ಒಲಿಂದೊ ತೊಪ್ಪಾನ್.

ಒಲಿಂದೊ ಬೆಟ್ಟದ ಕಡೆಯವನು. ವೆನಿಸ್ಸಿನ ಒಂದು ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವುದನ್ನು ಕಲಿತು, ಇಪ್ಪತ್ತೆರಡನೇ ವಯಸ್ಸಿಗೆ ಪಲಾದಾಕ್ಕೆ ಕೆಲಸಕ್ಕೆ ಬಂದ. ಮುದಿ ಮಾಲೀಕ ತೀರಿಕೊಂಡ ಮೇಲೆ ಅಚ್ಚುಕೂಟ ಅವನದೇ ಆಯಿತು. ಮದುವೆಯಾಗಲಿಲ್ಲ. ಒಮ್ಮೆ ಮಾತುಕತೆ ನಡೆದಿತ್ತು. ಆ ಹುಡುಗಿ ಬೇರೆಯವನನ್ನು ಮಾಡಿಕೊಂಡಳು, ಅವಳ ಮದುವೆಯ ಕಾಗದ ಇವನೇ ಅಚ್ಚು ಹಾಕಿದ. ಅದರಲ್ಲಿ ಹುಡುಕಿದರೂ ಒಂದು ತಪ್ಪು ಇರಲಿಲ್ಲ.

ಇಡೀ ಊರಿನಲ್ಲಿ ಅಡ್ಡಹೆಸರಿಲ್ಲದವನು ಅವನೊಬ್ಬನೇ. ಕಾರಣ ಏನೂ ದೊಡ್ಡದಲ್ಲ. ತೊಪ್ಪಾನ್ ಎಂಬುವವನು ಊರಿಗೇ ಒಬ್ಬ. ತೊಪ್ಪಾನ್ ಅಂದರೆ ಸಾಕು, ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಇನ್ನೊಂದು ಹೆಸರು ಹುಡುಕುವ ಅಗತ್ಯ ಯಾರಿಗೂ ಬೀಳಲಿಲ್ಲ. ಬಂದ ಹೊಸತರಲ್ಲಿ ಅವನಿಗೆ ಇದು ಮರ್ಯಾದೆ ಎನಿಸಿತ್ತು. ಹತ್ತು ವರ್ಷ ಕಳೆದ ಮೇಲೆ ಹಾಗೆನಿಸಲಿಲ್ಲ. ಜನ ಚೆನ್ನಾಗಿಯೇ ಮಾತಾಡಿಸುತ್ತಿದ್ದರು, ಎದುರು ಸಿಕ್ಕರೆ ಟೋಪಿ ಮುಟ್ಟಿ ‘ಸಿಯೋರ್ ತೊಪ್ಪಾನ್’ ಎನ್ನುತ್ತಿದ್ದರು. ಆಚೆ ದಡದಿಂದ ಬರುವ ಡಾಕ್ಟರಿಗೂ ಸುಂಕದ ಸಾಹೇಬನಿಗೂ ಹಾಗೆಯೇ ಎನ್ನುತ್ತಿದ್ದರು.

ಅವನ ಹತ್ತಿರ ಓರೆ ಅಕ್ಷರದ ಮೊಳೆಗಳು ಎರಡು ಅಳತೆಯಲ್ಲಿದ್ದವು. ಚಿಕ್ಕವು ಸತ್ತವರ ಅಡ್ಡಹೆಸರಿಗೆ, ಪ್ರಾರ್ಥನೆಯ ಚೀಟಿಗೆ, ಶಾಲೆಯ ಮೇಷ್ಟರ ವಿಳಾಸದ ಕಾರ್ಡಿಗೆ. ದೊಡ್ಡವು ಮದುವೆಗೆ ಮಾತ್ರ. ಆ ದೊಡ್ಡ ಮೊಳೆಗಳನ್ನು ವೆನಿಸ್ಸಿನಲ್ಲಿ ಬಾಗಿಲು ಹಾಕಿದ ಒಂದು ಅಚ್ಚುಕೂಟದಿಂದ ಐವತ್ತೆರಡರಲ್ಲಿ ಕೊಂಡು, ಬೇರೆಯವರ ಕೈಗೆ ಕೊಡದೆ ದೋಣಿಗೆ ತಾನೇ ಹುಟ್ಟು ಹಾಕಿಕೊಂಡು ತಂದಿದ್ದ. ಮದುವಣಗಿತ್ತಿಯ ಹೆಸರು, ಮದುಮಗನ ಹೆಸರು, ಇಷ್ಟನ್ನೇ ಅದರಲ್ಲಿ ಜೋಡಿಸುತ್ತಿದ್ದ. ಉಳಿದದ್ದಕ್ಕೆಲ್ಲ ನೇರ ಅಕ್ಷರ. ಊರಿನ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಆ ಎರಡು ಹೆಸರು ಕಾಣುತ್ತವೆ. ಗಂಡಹೆಂಡಿರು ಕಿತ್ತಾಡುವುದೂ ಅದರ ಕೆಳಗೇ.

ಅದನ್ನು ನೋಡುವುದೇ ಒಂದು ಸುಖ. ಅಕ್ಷರಗಳು ಸಪೂರ, ಒಂದಕ್ಕೊಂದು ಹತ್ತಿರ. ವಾಲಿಕೆ ಬಹಳವಿಲ್ಲ, ಮಾತು ಕೇಳಿಸಿಕೊಳ್ಳಲು ಸ್ವಲ್ಪ ಮುಂದಕ್ಕೆ ಬಗ್ಗಿದವನ ಹಾಗೆ, ಅಷ್ಟೇ. ಪ್ರತಿ ಗೆರೆಯ ತಲೆಗೂ ಬುಡಕ್ಕೂ ಲೇಖನಿ ಮುಟ್ಟಿಸಿ ಎತ್ತಿದಂಥ ಚಿಕ್ಕ ಕೊಕ್ಕೆ. ದಪ್ಪ ಗೆರೆ ಎಲ್ಲಿ ತೆಳುವಾಯಿತೆಂದು ಕಣ್ಣಿಗೆ ಸಿಕ್ಕುವುದಿಲ್ಲ. ‘ಎಫ್’ ಅಕ್ಷರದ ತಲೆಯಂತೂ ತನ್ನ ಮೊಳೆಯ ಅಂಚು ದಾಟಿ ಪಕ್ಕದ ಅಕ್ಷರದ ಮೇಲೆ ಚಾಚಿಕೊಳ್ಳುತ್ತದೆ. ಒರಟು ಕೈ ತಾಗಿದರೆ ಮುರಿದೇ ಹೋಯಿತು. ಹನ್ನೆರಡರಲ್ಲಿ ಐದು ಹೀಗೆ ಮುರಿದಿದ್ದವು. ಐದು ತಲೆಗಳನ್ನೂ ಒಲಿಂದೊ ಒಂದು ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಇಟ್ಟುಕೊಂಡಿದ್ದ. ಅದರಿಂದ ಏನು ಪ್ರಯೋಜನ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಮೊಳೆಗಳನ್ನಿಡುವ ಮರದ ಕೇಸಿನ ಮೂಲೆಯ ಖಾನೆಯಲ್ಲಿ ‘ಕ್ಯೂ’ ಇತ್ತು. ಇದ್ದದ್ದು ಒಂದೇ ಒಂದು. ಅದರ ಜೊತೆಗೆ ಯಾವಾಗಲೂ ಬರುವ ‘ಯು’ವನ್ನೂ ಸೇರಿಸಿ ಒಂದೇ ಮೊಳೆ ಎರಕ ಹೊಯ್ದಿದ್ದರು, ಯಾಕೆಂದರೆ ‘ಕ್ಯೂ’ವಿನ ಬಾಲ ಆ ಪಕ್ಕದ ಅಕ್ಷರದ ಕಾಲ ಕೆಳಗೆ ಹಾಸಿಕೊಂಡು ಹೋಗಿ ಕೊನೆಗೆ ಒಂದಿಷ್ಟು ಮೇಲೆದ್ದು ನಿಲ್ಲುತ್ತಿತ್ತು. ಇಡೀ ಕೇಸಿನಲ್ಲಿ ಅದಕ್ಕಿಂತ ಚೆಲುವಾದದ್ದು ಇನ್ನೊಂದಿಲ್ಲ. ನಮ್ಮೂರಿನ ಯಾವ ಹುಡುಗಿಯ ಹೆಸರೂ ಯಾವ ಹುಡುಗನ ಹೆಸರೂ ಆ ಅಕ್ಷರದಿಂದ ಶುರುವಾಗುವುದಿಲ್ಲ. ಇಪ್ಪತ್ತೆರಡು ವರ್ಷ ಅದಕ್ಕೆ ಮಸಿ ತಾಗಿರಲಿಲ್ಲ. ಅಕ್ಕಪಕ್ಕದವು ಕಪ್ಪಾಗಿ ಸವೆದಿದ್ದರೆ ಅದು ಬೆಳ್ಳಿಯ ಹಾಗೆ ಹೊಳೆಯುತ್ತ ಕೂತಿತ್ತು.

ಅದರ ಮೇಲೆ ಕಣ್ಣಿಟ್ಟಿದ್ದವನು ಫೆಲೀಚೆ ಪೆನ್ಸೊ. ಆ ಒಂಬತ್ತು ಜನರಲ್ಲಿ ‘ಕಾಲುಗಂಟೆ’ ಎನಿಸಿಕೊಂಡವನು. ಅವನ ಅಜ್ಜನ ದೋಣಿ ದಿನಾ ಎಲ್ಲರಿಗಿಂತ ಕಾಲುಗಂಟೆ ತಡವಾಗಿ ಹೊರಡುತ್ತಿತ್ತಂತೆ. ಮೊಮ್ಮಗ ಆ ಹೆಸರಿಗೆ ಕುಂದು ತರಲಿಲ್ಲ. ಸ್ವಂತ ಮದುವೆಗೆ ಕಾಲುಗಂಟೆ ತಡ, ಭಾನುವಾರದ ಪೂಜೆಗೆ ಉಪದೇಶ ಅರ್ಧವಾದ ಮೇಲೆ. ದುಡಿಮೆ ಬಿಟ್ಟು ಬಲೆ ಹೆಣೆಯುತ್ತ ಕೂತ ಮೇಲೆ ದಿನಾ ಮಧ್ಯಾಹ್ನ ಅಚ್ಚುಕೂಟಕ್ಕೆ ಬರುತ್ತಿದ್ದ. ಹನ್ನೆರಡಕ್ಕೆ ಬರುತ್ತೇನೆ ಅನ್ನುವನು, ಹನ್ನೆರಡೂಕಾಲಿಗೆ ಬರುವನು. ಕಾಗದದ ಕಟ್ಟುಗಳ ಮೇಲೆ ಕೂತು ಸುಮ್ಮನೆ ಒಲಿಂದೊನ ಬೆರಳು ನೋಡುವನು. ನಮ್ಮ ಭಾಷೆಯಲ್ಲಿ ‘ಕಾಲುಗಂಟೆ’ ಬರೆದರೆ ಮೊದಲ ಅಕ್ಷರ ‘ಕ್ಯೂ’ ಬರುತ್ತದೆ. ಹಾಗಾಗಿ ಆ ಮೊಳೆ ತನ್ನದೇ ಎಂಬ ಠೇಂಕಾರ.

“ಅದನ್ನ ಯಾವಾಗ ಹೊರಗೆ ತೆಗೀತೀಯೋ?”

“ಯಾರಾದ್ರೂ ಕ್ವಿರೀನೊ ಅನ್ನೋನು ಮದ್ವೆ ಆಗ್ಲಿ, ತೆಗೀತೀನಿ.”

“ನಮ್ಮೂರಲ್ಲಿ ಅಂಥ ಹೆಸರು ಯಾರು ಇಡ್ತಾರೆ? ಪಾಪ, ಅದೂ ನಿನ್ನ ಹಾಗೇ. ಚೆನ್ನಾಗಿ ತೊಳ್ಕೊಂಡು ಬಾಚ್ಕೊಂಡು ಒಂಟಿಯಾಗಿ ಕೂತಿದೆ.”

ಬೇರೆ ಯಾರಾದರೂ ಹೀಗೆಂದಿದ್ದರೆ ಒಲಿಂದೊಗೆ ಚುಚ್ಚುತ್ತಿತ್ತು. ಬೇರೆ ಯಾರೂ ಹೀಗೆ ಅನ್ನುತ್ತಿರಲಿಲ್ಲ, ಅದೇ ತೊಂದರೆ.

ಅಟ್ಟಣಿಗೆಯ ಮೇಲೆ ದಾರ ಸುತ್ತಿ ಕಟ್ಟಿಟ್ಟ, ಜೋಡಿಸಿದ ಮೊಳೆಗಳ ಒಂದು ಪುಟ ಇತ್ತು. ಒಲಿಂದೊ ತನ್ನ ಸಾವಿನ ಗೋಡೆಪತ್ರವನ್ನು ತಾನೇ ಜೋಡಿಸಿಟ್ಟಿದ್ದ, ತಾರೀಖು ಮತ್ತು ವಯಸ್ಸು ಬಿಟ್ಟು. ತಾನು ಸತ್ತ ಮೇಲೆ ಜೋಡಿಸುವವರು ಯಾರಿದ್ದಾರೆ? ಹೆಸರಿನ ಕೆಳಗೆ ಒಂದು ಸಾಲಿನಷ್ಟು ಬರಿಯ ಸೀಸದ ತುಂಡುಗಳನ್ನು ತುಂಬಿಸಿದ್ದ. ಒಂದು ದಿನ ಫೆಲೀಚೆ ಅದನ್ನು ನೋಡಿಬಿಟ್ಟ.

“ಇಲ್ಲೇನೋ ಖಾಲಿ ಬಿಟ್ಟಿದೀಯಲ್ಲ?”

“ಏನಿಲ್ಲ. ಅಂದಕ್ಕೆ.”

ಫೆಲೀಚೆ ಬೆರಳಿನಿಂದ ಆ ಖಾಲಿ ಸಾಲನ್ನು ಅಳೆದ. “ನಿಂಗೊಂದು ಹೆಸ್ರು ಇಡ್ಬೇಕು ಕಣೋ.”

“ಇಡು ಮತ್ತೆ.”

“ಹಾಗೆಲ್ಲ ಗಡಿಬಿಡಿ ಮಾಡಿದ್ರೆ ಆಗಲ್ಲ. ಹೆಸ್ರು ಕೂತು ಯೋಚ್ನೆ ಮಾಡಿ ಇಡೋದಲ್ಲ, ಅದಾಗೇ ಬೀಳ್ಬೇಕು. ತಡಿ, ಕೊಡ್ತೀನಿ.”

ಹೀಗೆ ಹೇಳಿ ಹನ್ನೊಂದು ವರ್ಷ ಕಳೆದಿತ್ತು. ಎಪ್ಪತ್ನಾಲ್ಕರ ಫೆಬ್ರವರಿಯಲ್ಲಿ ಫೆಲೀಚೆಗೆ ಉಸಿರು ಕಟ್ಟಿತು, ಆಚೆ ದಡದ ಆಸ್ಪತ್ರೆಗೆ ಸೇರಿಸಿದರು, ಮಾರ್ಚ್ ಮೂರನೇ ತಾರೀಖು ಭಾನುವಾರ ತೀರಿಕೊಂಡ. ಎಪ್ಪತ್ತೊಂದು ವರ್ಷ. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಸುದ್ದಿಯನ್ನು ಊರಿಗೆ ತಂದವಳು ಮಗಳು ಲೂಚಿಲ್ಲ. ಮದುವೆಯಾಗಿ ಹದಿನೆಂಟು ವರ್ಷದಿಂದ ಪಾದುವಾದಲ್ಲಿದ್ದವಳು. ದೋಣಿ ಇಳಿದವಳು ಯಾರನ್ನೂ ಮಾತಾಡಿಸದೆ ಮೊದಲು ಪಾದ್ರಿಯ ಹತ್ತಿರ, ಅಲ್ಲಿಂದ ಸೀದಾ ಅಚ್ಚುಕೂಟಕ್ಕೆ ಬಂದಳು. ಒಲಿಂದೊ ಸುದ್ದಿ ಕೇಳಿ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟ. ಆಮೇಲೆ ಅದು ಫೆಲೀಚೆಯ ಜಾಗ ಎಂದು ನೆನಪಾಗಿ ಎದ್ದು ನಿಂತ.

ಲೂಚಿಲ್ಲ ಬರೆದು ತಂದಿದ್ದ ಚೀಟಿಯನ್ನು ಅವನು ಎರಡು ಸಲ ಓದಿದ. “ಅಡ್ಡಹೆಸರು ಬರ್ದಿಲ್ವಲ್ಲಮ್ಮ.”

“ಬೇಡ.”

“ಹಾಗಲ್ಲಮ್ಮ. ಅದಿಲ್ದಿದ್ರೆ ಯಾರು ಹೋದದ್ದು ಅಂತ ಜನಕ್ಕೆ—”

“ನಮ್ಮಪ್ಪ ಎಪ್ಪತ್ತೊಂದು ವರ್ಷ ಇವರ ಬಾಯಲ್ಲಿ ತಮಾಷೆ ಆಗಿದ್ದು ಸಾಕು ಸಿಯೋರ್ ತೊಪ್ಪಾನ್. ಸ್ಕೂಲಲ್ಲಿ ನಾನು ಸರಿಯಾದ ಟೈಮಿಗೆ ಹೋದ್ರೂ ನಗ್ತಿದ್ರು. ಸತ್ತ ಮೇಲಾದ್ರೂ ಅವ್ರಿಗೆ ಅವ್ರ ಹೆಸರು ಇರ್ಲಿ.”

“ಅದು ತಮಾಷೆ ಅಲ್ಲಮ್ಮ. ಇಲ್ಲಿ ಅಡ್ಡಹೆಸರು ಅಂದ್ರೆ—”

“ನಿಮಗೇನು ಗೊತ್ತು?” ಎಂದಳು ಲೂಚಿಲ್ಲ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. “ನಿಮಗೆ ಒಂದಾದ್ರೂ ಇದೆಯಾ?”

ಒಲಿಂದೊ ಚೀಟಿಯನ್ನು ಕೇಸಿನ ಮೇಲಿಟ್ಟ. ಅವಳು ನೋಯಿಸಬೇಕೆಂದು ಅಂದದ್ದಲ್ಲ, ಅವನಿಗೂ ಗೊತ್ತಿತ್ತು. ಆದರೆ ನಲವತ್ತೆರಡು ವರ್ಷದಲ್ಲಿ ಆ ಮಾತನ್ನು ಯಾರೂ ಮುಖಕ್ಕೆ ಹೇಳಿರಲಿಲ್ಲ. ಸರಿ, ನೀವುಂಟು ನಿಮ್ಮ ಊರುಂಟು, ನಾನು ಯಾರು ಇದರಲ್ಲಿ ಎಂದುಕೊಂಡು ಚೀಟಿಯಲ್ಲಿದ್ದಷ್ಟನ್ನೇ ಜೋಡಿಸಿದ. ಫೆಲೀಚೆ ಪೆನ್ಸೊ, ಎಪ್ಪತ್ತೊಂದು ವರ್ಷ. ಕೆಳಗೆ ಏನೂ ಇಲ್ಲ.

ಸೋಮವಾರ ಬೆಳಿಗ್ಗೆ ಸೇತುವೆಯ ಹತ್ತಿರ ಅಂಟಿಸುತ್ತಿದ್ದಾಗ ಕೆಳಗೆ ಕಾಲುವೆಯಲ್ಲಿ ಮೋಮಿ ಬಲ್ಲಾರಿನ್ ದೋಣಿಯಲ್ಲಿ ಬಂದ. ಇವನು ‘ಮೂರು ಗುಂಡಿ’. ಫೆಲೀಚೆಯೂ ಇವನೂ ಒಂದೇ ದೋಣಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಗೆಳೆಯ ಆಸ್ಪತ್ರೆಯಲ್ಲಿದ್ದಾನೆ, ಈಸ್ಟರಿಗೆ ಬರುತ್ತಾನೆ ಎಂದೇ ನಂಬಿದ್ದ.

“ಯಾರಪ್ಪಾ ಹೋದದ್ದು?” ಎಂದು ಕೂಗಿದ.

“ಬರ್ದಿದೆಯಲ್ಲ, ಓದ್ಕೊ,” ಎಂದ ಒಲಿಂದೊ, ತಿರುಗದೆ.

ಮೋಮಿ ಕಣ್ಣು ಕಿರಿದು ಮಾಡಿದ. “ಫೆಲೀಚೆ ಪೆನ್ಸೊ... ಓಹೋ, ಉಪ್ಪಿಲ್ಲ ಇರ್ಬೇಕು. ಆಚೆ ದಡದಲ್ಲಿ ಮಗನ ಮನೇಲಿದ್ನಲ್ಲ, ಇಪ್ಪತ್ತು ವರ್ಷದಿಂದ. ಹೋಗ್ಲಿ ಬಿಡು, ಯಾರ ಜೊತೇನೂ ನೆಟ್ಟಗಿರ್ಲಿಲ್ಲ.” ಹುಟ್ಟು ಎಳೆದ.

ಒಲಿಂದೊನ ಕೈಯಲ್ಲಿ ಗೋಂದಿನ ಕುಂಚ ನಿಂತಿತು. ಕೂಗಬಹುದಿತ್ತು. ‘ಮೋಮಿ, ಅದು ಕಾಲುಗಂಟೆ’ ಅನ್ನಲು ಎಷ್ಟು ಹೊತ್ತು ಬೇಕು? ದೋಣಿ ಸೇತುವೆಯ ಕೆಳಗೆ ನುಗ್ಗಿ ಆಚೆ ಕಡೆ ಹೊರಬಂದು ತಿರುವಿನಲ್ಲಿ ಮರೆಯಾಯಿತು. ಅವನು ಕೂಗಲಿಲ್ಲ. ಬಾಲ್ದಿ ಎತ್ತಿಕೊಂಡು ಮೀನುಪೇಟೆಯ ಕಡೆ ನಡೆದ.

ಮಂಗಳವಾರ ಶವಸಂಸ್ಕಾರಕ್ಕೆ ಬಂದವರು ಏಳು ಜನ: ಮಗಳು, ಅಳಿಯ, ಪಾದ್ರಿ ದೋನ್ ಅತ್ತೀಲಿಯೊ, ಯಾರು ಸತ್ತರೂ ಬರುವ ಮೂವರು ಮುದುಕಿಯರು, ಒಲಿಂದೊ. ನಮ್ಮಲ್ಲಿ ಮೀನುಗಾರ ಸತ್ತರೆ ಪೆಟ್ಟಿಗೆಗೆ ಹೆಗಲು ಕೊಡುವವರು ಅವನ ದೋಣಿಯವರು. ಅವತ್ತು ಆಚೆ ದಡದಿಂದ ಬಂದ ಬಾಡಿಗೆಯ ನಾಲ್ವರು, ಬಿಳಿ ಕೈಗವಸು ಹಾಕಿಕೊಂಡವರು, ಗಡಿಯಾರ ನೋಡುತ್ತ ಹೊತ್ತರು. ಅಷ್ಟು ದೊಡ್ಡ ಚರ್ಚಿನಲ್ಲಿ ಲೂಚಿಲ್ಲ ಒಂದೇ ಸಮನೆ ಹಿಂದೆ ತಿರುಗಿ ಬಾಗಿಲು ನೋಡುತ್ತಿದ್ದಳು. ಯಾರೂ ಬರಲಿಲ್ಲ. ಮುಗಿದ ಮೇಲೆ ಅವಳು ಗಂಡನಿಗೆ ಹೇಳಿದ್ದು ಒಲಿಂದೊನ ಕಿವಿಗೆ ಬಿತ್ತು: “ಒಬ್ರಿಗೂ ಬೇಡವಾಗಿದ್ರಲ್ಲ ಅಪ್ಪ.” ಆಗಲೂ ಅವನ ಬಾಯಿ ಬರಲಿಲ್ಲ. ಬಾರದ್ದಕ್ಕೆ ಈಗ ಬೇರೆ ಕಾರಣವಿತ್ತು. ನಾಚಿಕೆ.

ನಿಜ ಸಂಗತಿ ಊರಿಗೆ ತಿಳಿದದ್ದು ಬುಧವಾರ, ಗೋರಿ ತೋಡಿದವನ ಬಾಯಿಂದ. ಮೋಮಿ ಅಚ್ಚುಕೂಟಕ್ಕೆ ಬಂದ. ಟೋಪಿ ತೆಗೆದಿದ್ದ. ಬಯ್ಯುತ್ತಾನೆ ಎಂದುಕೊಂಡರೆ ಮೆಲ್ಲಗೆ ಕೇಳಿದ.

“ಸೇತುವೆ ಮೇಲೆ ನಾನು ಕೇಳ್ದಾಗ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಉಪ್ಪಿಲ್ಲ ಅಂದದ್ದು ಕೇಳಿಸ್ತಾ?”

“ಕೇಳಿಸ್ತು.”

ಮೋಮಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. “ಮೂವತ್ತೊಂದು ವರ್ಷ ಒಂದೇ ಹಲಗೆ ಮೇಲೆ ಕೂತಿದ್ವಿ. ಮಂಗಳವಾರ ಗಂಟೆ ಹೊಡೆಯುವಾಗ ನಾನು ಇಸ್ಪೀಟು ಆಡ್ತಿದ್ದೆ, ತೊಪ್ಪಾನ್. ನಗ್ತಾ ಇದ್ದೆ.”

ಅಷ್ಟೇ ಹೇಳಿ ಹೊರಟ. ಹೊಸ್ತಿಲಲ್ಲಿ ನಿಂತು, “ಮೂವತ್ತನೇ ದಿನದ ಪೂಜೆ ಇದೆಯಲ್ಲ, ಅದನ್ನಾದ್ರೂ ನೆಟ್ಟಗೆ ಮಾಡು,” ಎಂದ.

ಆ ತಿಂಗಳು ಊರಿನಲ್ಲಿ ಯಾರೂ ಅವನನ್ನು ಬಯ್ಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ರೊಟ್ಟಿಯಂಗಡಿಯವಳು ರೊಟ್ಟಿ ಕೊಟ್ಟು ಮುಖ ತಿರುಗಿಸುತ್ತಿದ್ದಳು. ಹೆಂಡದಂಗಡಿಯಲ್ಲಿ ಅವನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಒಂದು ಲೋಟ ನಿಂತುಕೊಂಡೇ ಕುಡಿದು ಹೊರಬೀಳುತ್ತಿದ್ದ. ಒಂಟಿತನ ಅವನಿಗೆ ಹಳೆಯ ಪರಿಚಯವೇ. ಆದರೆ ಮೊದಲಿನದು ತನ್ನ ತಪ್ಪಿಲ್ಲದ ಒಂಟಿತನ. ಇದು ತಾನೇ ದುಡಿದು ಸಂಪಾದಿಸಿದ್ದು. ಮಧ್ಯಾಹ್ನ ಹನ್ನೆರಡೂಕಾಲಾದರೆ ಕೈ ತಾನಾಗಿ ನಿಲ್ಲುತ್ತಿತ್ತು, ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

ಏಪ್ರಿಲ್ ಎರಡು, ಮಂಗಳವಾರ, ಹತ್ತು ಗಂಟೆಗೆ ಪೂಜೆ ಎಂದು ಲೂಚಿಲ್ಲ ಪಾದ್ರಿಗೆ ಬರೆದು ತಿಳಿಸಿದ್ದಳು. ಗೋಡೆಪತ್ರ ಬೇಡ, ಯಾರು ಬರುತ್ತಾರೆ ಎಂದೂ ಬರೆದಿದ್ದಳು. ಒಲಿಂದೊ ಅವಳನ್ನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾಳೆ ಎಂದು ಗೊತ್ತಿತ್ತು. ಸತ್ತವನ ಹೆಸರು ಮಗಳಿಗೆ ಸೇರಿದ್ದೋ ಊರಿಗೆ ಸೇರಿದ್ದೋ ಎಂದು ಮೂರು ದಿನ ಯೋಚಿಸಿದ. ನಾಲ್ಕನೇ ದಿನ ಮದುವೆಯ ಕೇಸು ಎಳೆದು ‘ಕ್ಯೂ’ವನ್ನು ಹೊರಗೆ ತೆಗೆದ.

ಆ ಮದುವೆಯ ಮೊಳೆಗಳನ್ನು ಸಾವಿಗೆ ಯಾರೂ ಬಳಸಿರಲಿಲ್ಲ; ಬಳಸಿದ್ದರೆ ಅವನೇ ಬಯ್ಯುತ್ತಿದ್ದ. ಫೆಲೀಚೆ ಪೆನ್ಸೊ ಎಂಬುದನ್ನು ಮೇಲೆ ಚಿಕ್ಕ ನೇರ ಅಕ್ಷರದಲ್ಲಿ ಇಟ್ಟ. ಅದರ ಕೆಳಗೆ ಕಾಗದದ ಈ ಅಂಚಿನಿಂದ ಆ ಅಂಚಿನವರೆಗೆ ಕಾಲುಗಂಟೆ ಎಂದು ದೊಡ್ಡ ಓರೆ ಅಕ್ಷರದಲ್ಲಿ ಜೋಡಿಸಿದ. ಕೊನೆಯಲ್ಲಿ, ಹಾಕಿಸಿದವರು ಎಂಬ ಕಡೆ ‘ಗೆಳೆಯರು’ ಎಂದಷ್ಟೇ. ಬಳಸದ ಮೊಳೆ ಮಸಿಯನ್ನು ಬೇಗ ಹಿಡಿಯುವುದಿಲ್ಲ. ಮೊದಲ ಮೂರು ಪ್ರತಿ ಬಾಲದ ಕಡೆ ಬೆಳ್ಳಗೆ ಬಂದವು. ನಾಲ್ಕನೆಯದರಲ್ಲಿ ಬಾಲ ಪೂರ್ತಿ ಬಿತ್ತು, ಪಕ್ಕದ ಅಕ್ಷರದ ಕೆಳಗೆ ಸಾಗಿ ತುದಿಯಲ್ಲಿ ಮೇಲೆದ್ದಿತು. ಒಲಿಂದೊ ಅದನ್ನು ಕಾಗದದ ಕಟ್ಟುಗಳ ಕಡೆ ಹಿಡಿದು ತೋರಿಸಿದ. ತೋರಿಸಿ, ಥೂ ಎಂದು ತನ್ನನ್ನು ತಾನೇ ಬಯ್ದುಕೊಂಡ.

ಮೋಮಿಯ ಮನೆಗೂ ಒಂದು ಪ್ರತಿ ಒಯ್ದ. ಮೋಮಿ ಅಕ್ಷರದ ಮೇಲೆ ಬೆರಳಾಡಿಸಿದ.

“ಇದು ಮದ್ವೆದಲ್ವಾ?”

“ಹೂಂ.”

“ಸರಿ. ಅಂಟಿಸು.” ಬಾಗಿಲು ಹಾಕಿಕೊಂಡ.

ಎರಡನೇ ತಾರೀಖು ಒಲಿಂದೊ ಹತ್ತು ಹೊಡೆಯಲು ಸ್ವಲ್ಪ ಇರುವಾಗಲೇ ಚರ್ಚಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತ. ಚರ್ಚು ಖಾಲಿ. ಲೂಚಿಲ್ಲ ಬಂದಳು. ಕಟ್ಟೆಯಲ್ಲಿ ಗೋಡೆಪತ್ರ ನೋಡಿಯೇ ಬಂದಿದ್ದಳು, ಮುಖ ನೋಡಿದರೆ ತಿಳಿಯುತ್ತಿತ್ತು. ಅವನ ಪಕ್ಕದಲ್ಲೇ ನಿಂತಳು.

“ಬೇಡ ಅಂದಿದ್ದೆ ನಾನು.”

“ಹೌದಮ್ಮ.”

“ಯಾರನ್ನ ಕೇಳಿ ಹಾಕಿದ್ರಿ?”

“ಯಾರನ್ನೂ ಕೇಳ್ಲಿಲ್ಲ. ಹೋದ ಸಲ ಜನ ಬರದೇ ಇದ್ದದ್ದು ನನ್ನಿಂದ. ಅವ್ರಿಗೆ ಗೊತ್ತಾಗ್ಲಿಲ್ಲ. ನಂಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ.”

ಅವಳು ಅವನನ್ನೇ ನೋಡಿದಳು. ಹತ್ತು ಹೊಡೆಯಿತು. ದೋನ್ ಅತ್ತೀಲಿಯೊ ಒಳಗಿಂದ ಇಣುಕಿ ನೋಡಿ ಮತ್ತೆ ಒಳಗೆ ಹೋದ. ಐದು ನಿಮಿಷವಾಯಿತು. ಆ ಮೂವರು ಮುದುಕಿಯರೂ ಇವತ್ತು ಇಲ್ಲ. ಬಾಗಿಲ ಆಚೆ ಒಂದು ಹೆಜ್ಜೆಯ ಸದ್ದಿಲ್ಲ.

“ಈಗ ಗೊತ್ತಾಗಿದೆಯಲ್ಲ,” ಎಂದಳು ಲೂಚಿಲ್ಲ. ಸಿಟ್ಟು ಹೋಗಿ ದನಿ ಬಳಲಿತ್ತು. “ಇಷ್ಟು ದೊಡ್ಡದಾಗಿ ಬರ್ದಿದೀರಿ. ಎಲ್ಲಿ?”

ಒಲಿಂದೊ ಬಾಗಿಲ ಕಡೆ ತಿರುಗಿ ನೋಡಿದ. ಊರು ತನ್ನನ್ನು ಶಿಕ್ಷಿಸುತ್ತಿದೆ, ಶಿಕ್ಷೆ ಫೆಲೀಚೆಗೆ ಬೀಳುತ್ತಿದೆ ಎಂದುಕೊಂಡ. ಹತ್ತು ನಿಮಿಷವಾಯಿತು. ಪಾದ್ರಿ ಬಂದು ವೇದಿಕೆಯ ಮುಂದೆ ನಿಂತ, ಪುಸ್ತಕ ತೆಗೆದ, ಆದರೆ ಶುರು ಮಾಡಲಿಲ್ಲ. ಯಾಕೆ ಕಾಯುತ್ತಿದ್ದಾನೆ ಎಂದು ಒಲಿಂದೊಗೆ ತಿಳಿಯಲಿಲ್ಲ. ಲೂಚಿಲ್ಲ ಮುಖ ಮುಚ್ಚಿಕೊಂಡಿದ್ದಳು.

ಗಡಿಯಾರ ಕಾಲು ಗಂಟೆಯ ಒಂದು ಪೆಟ್ಟು ಹೊಡೆಯಿತು. ದೊಡ್ಡ ಬಾಗಿಲಿನ ಎರಡೂ ರೆಕ್ಕೆ ತೆರೆದವು. ಮೊದಲು ಮೋಮಿ, ಹಳೆಯ ದೋಣಿಯ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು. ಅವನ ಹಿಂದೆ ದೋಣಿಯವರು, ಬಲೆಯವರು, ಮೀನುಪೇಟೆಯ ಹೆಂಗಸರು ಏಪ್ರನ್ ಬಿಚ್ಚದೆ, ರೊಟ್ಟಿಯಂಗಡಿಯವಳು, ಮೂವರು ಮುದುಕಿಯರು, ಉಳಿದ ಫೆಲೀಚೆ ಪೆನ್ಸೊಗಳಲ್ಲಿ ನಡೆಯಲು ಶಕ್ತಿ ಇದ್ದವರೆಲ್ಲ. ಇಡೀ ಊರು ಚೌಕದ ಆಚೆ ಗೋಡೆಗೊರಗಿ ಸದ್ದಿಲ್ಲದೆ ನಿಂತು ಕಾದಿತ್ತು. ಕಾಲುಗಂಟೆಗೆ ಸಲ್ಲಿಸಬೇಕಾದ ಗೌರವವನ್ನು ಕಾಲುಗಂಟೆ ತಡವಾಗಿಯೇ ಸಲ್ಲಿಸಬೇಕೆಂದು ಮಾತಾಡಿಕೊಂಡಿದ್ದರು. ಪಾದ್ರಿಗೂ ಹೇಳಿದ್ದರು.

ಮುದುಕಿಯೊಬ್ಬಳು ಲೂಚಿಲ್ಲಳ ಗಲ್ಲ ಹಿಡಿದು ನೋಡಿದಳು. “ಯಾರ ಮಗಳೇ ನೀನು?”

ಲೂಚಿಲ್ಲ ಅಳುತ್ತಿದ್ದಳು, ನಗುತ್ತಿದ್ದಳು. “ಕಾಲುಗಂಟೆ ಮಗಳು,” ಎಂದಳು.

ಪೂಜೆ ಮುಗಿದು ಹೊರಬರುವಾಗ ಮೋಮಿ ಒಲಿಂದೊನನ್ನು ನೋಡಿ ನಿಂತ. “ನೀನು ಆಗ್ಲೇ ಒಳಗಿದ್ದೆಯಲ್ಲ. ಎಷ್ಟೊತ್ತಿಗೆ ಬಂದೆ?”

“ಹತ್ತಕ್ಕೆ.”

“ಹತ್ತಕ್ಕಾ?” ಮೋಮಿ ಹಿಂದೆ ತಿರುಗಿದ. “ಏನ್ರೋ, ಇವನಿಗೆ ಯಾರೂ ಹೇಳ್ಲಿಲ್ವೇನ್ರೋ?”

ಅವರು ಇವರ ಮುಖ ನೋಡಿದರು, ಇವರು ಅವರ ಮುಖ ನೋಡಿದರು. ನೀನು ಹೇಳ್ತೀಯ ಅಂದ್ಕೊಂಡೆ, ನೀನು ಹೇಳಿರ್ತೀಯ ಅಂದ್ಕೊಂಡೆ. ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು. “ಹತ್ತಕ್ಕೇ ಬಂದು ಕೂತಿದ್ದಾನೆ ಪುಣ್ಯಾತ್ಮ!” ಕೆಟ್ಟ ನಗುವಲ್ಲ ಅದು. ಒಲಿಂದೊ ಕೂಡ ನಕ್ಕ. ಎಲ್ಲರೂ ಹೆಂಡದಂಗಡಿಯ ಕಡೆ ಹೊರಟರು. ಯಾರೋ ಬಾ ಅಂದರು. ಯಾರು ಎಂದು ಗೊತ್ತಾಗಲಿಲ್ಲ. ಕೆಲಸವಿದೆ ಎಂದು ಅವನು ಅಚ್ಚುಕೂಟಕ್ಕೆ ಬಂದ.

ಕೆಲಸ ಏನೂ ಇರಲಿಲ್ಲ. ಗೋಡೆಪತ್ರದ ಮೊಳೆಗಳನ್ನು ಬಿಚ್ಚಿ ಒಂದೊಂದನ್ನೇ ಖಾನೆಗೆ ಹಾಕಿದ. ‘ಕ್ಯೂ’ ಈಗ ಉಳಿದವುಗಳ ಹಾಗೆ ಕಪ್ಪಾಗಿತ್ತು. ಅವನಿಗೆ ಸಂತೋಷವಾಗಿತ್ತು, ಅದು ಸುಳ್ಳಲ್ಲ. ಆದರೆ ನಾನೂರು ಜನ ಒಬ್ಬರಿಂದೊಬ್ಬರಿಗೆ ಕಿವಿಮಾತು ದಾಟಿಸುವಾಗ ಅದು ತನ್ನ ಬಾಗಿಲಿಗೆ ಮಾತ್ರ ಬರಲಿಲ್ಲವಲ್ಲ ಎಂಬುದು ಎದೆಯಲ್ಲಿ ಕೂತುಬಿಟ್ಟಿತು. ಬೇಕೆಂದು ಬಿಟ್ಟಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನೆನಪೇ ಆಗಿರಲಿಲ್ಲ ಅವರಿಗೆ.

ಮೂರು ವಾರ ಕಳೆಯಿತು. ಮಾತು ಮತ್ತೆ ಶುರುವಾಗಿತ್ತು. ಒಂದು ಬೆಳಿಗ್ಗೆ ಒಲಿಂದೊ ಮೀನುಪೇಟೆಗೆ ಹೋಗಿ, ‘ಸುಟ್ಟ ಪೊಲೆಂತ’ ಮನೆತನದ ಜೀಜಿಯಾಳ ಹಲಗೆಯಲ್ಲಿ ಭೂತಾಯಿ ಮೀನು ಆರಿಸಿ, ಹಣ ಕೊಟ್ಟು, ಏನೋ ಯೋಚಿಸುತ್ತ ಸೇತುವೆಯ ಕಡೆ ಹೊರಟ. ಹಿಂದಿನಿಂದ ಕೂಗು ಕೇಳಿಸಿತು.

“ಹತ್ತುಗಂಟೆ! ಏ ಹತ್ತುಗಂಟೆ!”

ಅವನು ತಲೆಯೆತ್ತಿ ಗಡಿಯಾರದ ಗೋಪುರ ನೋಡಿದ. ಎಂಟೂವರೆ. ಇವಳಿಗೇನು ಬಂತು ಎಂದುಕೊಂಡು ಮುಂದೆ ನಡೆದ. ಎರಡನೇ ಸಲ ಕೂಗಿದಾಗಲೂ ತಿರುಗಲಿಲ್ಲ. ಮೂರನೇ ಸಲಕ್ಕೆ ಜೀಜಿಯಾ ಒದ್ದೆ ಕೈಯಲ್ಲೇ ಓಡಿ ಬಂದು ತೋಳು ಹಿಡಿದಳು.

“ಕಿವಿ ಹೋಗಿದೆಯಾ? ಆಗಿನಿಂದ ಬಡ್ಕೋತಿದೀನಿ. ಮೀನು ಬಿಟ್ಟು ಹೋಗ್ತಿದೀಯ.”

“ನನ್ನನ್ನಾ ಕರೆದದ್ದು?”

“ಮತ್ತೆ? ಊರಲ್ಲಿ ಇನ್ನೊಬ್ಬ ಹತ್ತುಗಂಟೆ ಇದ್ದಾನಾ?” ಮೀನಿನ ಪೊಟ್ಟಣವನ್ನು ಕೈಗೆ ತುರುಕಿ, ಗೊಣಗುತ್ತ ಹಿಂದಕ್ಕೆ ಹೋದಳು.

ಒಲಿಂದೊ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತ. ಕೊಡ್ತೀನಿ ತಡಿ ಅಂದಿದ್ದವನು ಕೊಟ್ಟೇ ಹೋಗಿದ್ದ, ತನ್ನ ಪದ್ಧತಿಯಂತೆ ತಡವಾಗಿ.

ಅಚ್ಚುಕೂಟಕ್ಕೆ ಬಂದವನು ಅಟ್ಟಣಿಗೆಯಿಂದ ತನ್ನ ಪುಟವನ್ನು ಇಳಿಸಿ ದಾರ ಬಿಚ್ಚಿದ. ಹೆಸರಿನ ಕೆಳಗಿದ್ದ ಖಾಲಿ ಸೀಸದ ತುಂಡುಗಳನ್ನು ಒಂದೊಂದಾಗಿ ತೆಗೆದ. ಚಿಕ್ಕ ಓರೆ ಅಕ್ಷರದಲ್ಲಿ, ಊರಿನ ಎಲ್ಲರಿಗೂ ಹಾಕುವ ಅಳತೆಯಲ್ಲಿ, ಹತ್ತುಗಂಟೆ ಎಂದು ಜೋಡಿಸಿದ. ಒಂದು ಪ್ರತಿ ತೆಗೆದು ಬೆಳಕಿಗೆ ಹಿಡಿದ. ಸಾಲು ಸರಿಯಾಗಿ ಕೂತಿತ್ತು. ಯಾರಿಗಾದರೂ ತೋರಿಸಬೇಕೆಂದು ಬಹಳ ಆಸೆಯಾಯಿತು. ತೋರಿಸಬಹುದಾದವನು ಒಬ್ಬನೇ.

ಹನ್ನೆರಡು ಹೊಡೆಯಿತು. ಕಾಗದದ ಕಟ್ಟಿನ ಮೇಲಿನ ಧೂಳು ಒರೆಸಿ, ಆ ಪ್ರತಿಯನ್ನು ಅಲ್ಲಿಟ್ಟ. ಹನ್ನೆರಡೂಕಾಲಿನವರೆಗೆ ಬಾಗಿಲು ನೋಡುತ್ತ ನಿಂತ. ಆಮೇಲೆ ಪುಟಕ್ಕೆ ಮತ್ತೆ ದಾರ ಸುತ್ತಿ, ಗಂಟು ಹಾಕಿ, ಮೇಲಿಟ್ಟು, ಮೀನು ಹುರಿಯಲು ಒಳಗೆ ಹೋದ.